ಕೊಣಾಜೆಯೋ, ಸುರತ್ಕಲ್ಲೋ, ಘಟ್ಟದ ಆಚೆಯೋ: ಭೂವಿಜ್ಞಾನ ಓದಬೇಕೆಂದಿರುವ ಕರಾವಳಿಯ ವಿದ್ಯಾರ್ಥಿಗೆ

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಮಕ್ಕಳು ಭೂವಿಜ್ಞಾನ ಓದುತ್ತೇನೆ ಎಂದರೆ ಎರಡು ಪ್ರಶ್ನೆಗಳು ಏಳುತ್ತವೆ. ಓದಿ ಏನಾಗುತ್ತೀ? ಇಲ್ಲಿಯೇ ಕೆಲಸ ಸಿಗುತ್ತದೆಯೇ? ಮೊದಲನೆಯದಕ್ಕೆ ಉತ್ತರಗಳು ಬೇಕಾದಷ್ಟಿವೆ. ಎರಡನೆಯದನ್ನು ಮಾತ್ರ ಆರಂಭದಲ್ಲಿಯೇ ಇತ್ಯರ್ಥ ಮಾಡಿಬಿಡೋಣ. ಈ ವಿಷಯ ಓದಲು ನಮ್ಮ ಕರಾವಳಿ ಬಹಳ ಒಳ್ಳೆಯ ಜಾಗ, ಆದರೆ ಕೆಲಸ ಹೆಚ್ಚಿನವರಿಗೆ ಸಿಗುವುದು ಘಟ್ಟದ ಆಚೆ, ಕೆಲವರಿಗೆ ಕಡಲಿನ ಮೇಲೆ. ಊರಿನಲ್ಲಿಯೇ ಉಳಿಯಬೇಕು ಎಂಬುದು ನಿಮ್ಮ ಮೊದಲ ಷರತ್ತಾಗಿದ್ದರೆ ಬೇರೆ ಅರ್ಜಿ ತುಂಬುವುದು ಮೇಲು.

ಆ ಷರತ್ತು ಇಲ್ಲದವರ ಮುಂದೆ ಮುಖ್ಯವಾಗಿ ನಾಲ್ಕು ದಾರಿಗಳಿವೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನದ ಎಂಎಸ್ಸಿ. ಅಲ್ಲಿಯೇ ಜಿಯೋಇನ್‌ಫರ್ಮ್ಯಾಟಿಕ್ಸ್, ಅಂದರೆ ಉಪಗ್ರಹ ಚಿತ್ರ ಮತ್ತು ಕಂಪ್ಯೂಟರ್ ನಕ್ಷೆಗಳ ವಿದ್ಯೆಯ ಎಂಎಸ್ಸಿ. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಎನ್‌ಐಟಿಕೆಯಲ್ಲಿ ಗಣಿ ಎಂಜಿನಿಯರಿಂಗ್ ಬಿಟೆಕ್. ನಾಲ್ಕನೆಯದು, ಗಂಟುಮೂಟೆ ಕಟ್ಟಿಕೊಂಡು ಮೈಸೂರು, ಧಾರವಾಡ, ಬೆಂಗಳೂರಿಗೋ ಯಾವುದಾದರೂ ಐಐಟಿಗೋ ಹೋಗಿ ಸಾಮಾನ್ಯ ಭೂವಿಜ್ಞಾನ ಓದುವುದು. ಇವುಗಳ ಪಠ್ಯಕ್ರಮಗಳನ್ನು ಅಕ್ಕಪಕ್ಕ ಇಟ್ಟು ಯೂನಿಟ್ ಎಣಿಸುತ್ತಾ ಕೂರುವವರನ್ನು ನೋಡಿದ್ದೇನೆ. ಅದರಿಂದ ಏನೂ ತಿಳಿಯುವುದಿಲ್ಲ. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆಗಳು ಎರಡೇ: ಆ ಪದವಿ ಪಡೆದವರ ಕೆಲಸದ ದಿನ ಹೇಗಿರುತ್ತದೆ? ಆ ಪದವಿಯ ಹೆಸರು ನೇಮಕಾತಿ ಅಧಿಸೂಚನೆಯ ಅರ್ಹತಾ ಪಟ್ಟಿಯಲ್ಲಿ ಇದೆಯೇ?

ಒಂದು ಬರೆ, ನಾಲ್ಕು ವೃತ್ತಿ

2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಡೀಲ್ ಮತ್ತು ಕುಲಶೇಖರದ ನಡುವೆ ಬರೆ, ಅಂದರೆ ಗುಡ್ಡ ಕಡಿದಲ್ಲಿ ಉಳಿಯುವ ಕಡಿದಾದ ಮಣ್ಣುಕಲ್ಲಿನ ಗೋಡೆ, ಜರಿದು ರೈಲು ಹಳಿ ಮುಚ್ಚಿಹೋಗಿ, ಸಂಚಾರ ದಿನಗಟ್ಟಲೆ ಅಸ್ತವ್ಯಸ್ತವಾಗಿತ್ತು. ಹೆದ್ದಾರಿಗಾಗಿ, ಮನೆಗಾಗಿ, ಲೇಔಟಿಗಾಗಿ ಗುಡ್ಡ ಕಡಿದ ಕಡೆಗಳಲ್ಲೆಲ್ಲ ಮಳೆಗಾಲದಲ್ಲಿ ಇದರ ಸಣ್ಣ ಆವೃತ್ತಿಗಳು ನಡೆಯುತ್ತಲೇ ಇರುತ್ತವೆ. ಅಂಥದೊಂದು ಬರೆಯ ಎದುರು ನಿಂತು ಮೇಲಿನಿಂದ ಕೆಳಗೆ ನೋಡಿ. ಮೇಲೆ ಗಟ್ಟಿ ಮುರಕಲ್ಲಿನ ಹೊದಿಕೆ. ತೂತುತೂತಾದ ಈ ಕೆಂಪುಕಲ್ಲನ್ನೇ ಕೋರೆಯಲ್ಲಿ ಕಡಿದು ಮನೆ ಕಟ್ಟುತ್ತೇವೆ. ಅದರ ಕೆಳಗೆ ಬಿಳಿ, ಹಳದಿ, ಅಲ್ಲಲ್ಲಿ ನೇರಳೆ ಛಾಯೆಯ ನುಣುಪಾದ ಪದರ, ನಮ್ಮವರು ಶೇಡಿ ಮಣ್ಣು ಎನ್ನುವುದು. ಅದಕ್ಕೂ ಕೆಳಗೆ, ಕಡಿದದ್ದು ಅಷ್ಟು ಆಳ ಹೋಗಿದ್ದರೆ, ಗ್ರಾನೈಟ್ ಜಾತಿಯ ನೈಸ್ ಶಿಲೆ. ಲಕ್ಷಾಂತರ ವರ್ಷಗಳ ಬಿಸಿಲುಮಳೆಗೆ ಆ ನೈಸ್ ಶಿಲೆಯೇ ಕೊಳೆತು ಶೇಡಿಯಾಗಿದೆ, ಶೇಡಿಯ ಮೇಲೆ ಕಬ್ಬಿಣ ಮತ್ತು ಅಲ್ಯೂಮಿನಿಯಂ ಕೂಡಿಕೊಂಡು ಮುರಕಲ್ಲಾಗಿದೆ. ಬೇಸಗೆಯಲ್ಲಿ ಶೇಡಿಯ ಗೋಡೆ ನೆಟ್ಟಗೆ ನಿಲ್ಲುತ್ತದೆ, ಗುತ್ತಿಗೆದಾರನಿಗೆ ಧೈರ್ಯ ಬರುವುದೂ ಆಗಲೇ. ಜುಲೈಯಲ್ಲಿ ಮುರಕಲ್ಲಿನ ತೂತುಗಳಿಂದ ಇಳಿದ ನೀರು ಶೇಡಿಯನ್ನು ತಲುಪಿ ಅಲ್ಲಿಯೇ ತಂಗುತ್ತದೆ. ಒದ್ದೆಯಾದ ಶೇಡಿಯನ್ನು ಹಿಡಿಯಲ್ಲಿ ಹಿಸುಕಿದರೆ ಬೆರಳ ಸಂದಿಯಿಂದ ಹೊರಬರುತ್ತದೆ. ಮೇಲಿರುವ ಗಟ್ಟಿ ಕಲ್ಲಿಗೆ ಆಗ ಬುಡವೇ ಇರುವುದಿಲ್ಲ.

ಈ ಬರೆಯ ಮುಂದೆ ಭೂವಿಜ್ಞಾನ ಓದಿದವರು ಸುತ್ತಿಗೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಬ್ರಂಟನ್ ದಿಕ್ಸೂಚಿ ಹಿಡಿದು ನಿಲ್ಲುತ್ತಾರೆ. ಪದರ ಎಲ್ಲಿಂದ ಎಲ್ಲಿಗೆ, ಬಿರುಕುಗಳು ಯಾವ ದಿಕ್ಕಿಗೆ ಎಷ್ಟು ಕೋನದಲ್ಲಿ ವಾಲಿವೆ, ನೀರು ಯಾವ ಗೆರೆಯಲ್ಲಿ ಒಸರುತ್ತಿದೆ ಎಂದು ಬರೆದುಕೊಳ್ಳುತ್ತಾರೆ. ಜಿಯೋಇನ್‌ಫರ್ಮ್ಯಾಟಿಕ್ಸ್ ಓದಿದವರು ಇಲ್ಲಿಗೆ ಬರದೆಯೂ ಇರಬಹುದು. ಅವರ ಪರದೆಯ ಮೇಲೆ ಇಡೀ ಜಿಲ್ಲೆಯ ಇಳಿಜಾರು, ಮಳೆ, ಮಣ್ಣು, ರಸ್ತೆಗಳ ಪದರಗಳಿವೆ. ಇಂಥ ಬರೆಗಳು ಎಲ್ಲೆಲ್ಲಿ ಜರಿಯಬಹುದು ಎಂಬ ನಕ್ಷೆ ಅವರ ಕೈಯಿಂದ ಬರುತ್ತದೆ. ಗಣಿ ಎಂಜಿನಿಯರಿಗೆ ಇದು ಕಡಿಯಬೇಕಾದ ಗೋಡೆ: ಮೆಟ್ಟಿಲು ಎಷ್ಟು ಎತ್ತರ, ಎಷ್ಟು ಅಗಲ, ಯಂತ್ರ ಎಲ್ಲಿ ನಿಲ್ಲಬೇಕು, ಕಾರ್ಮಿಕನ ತಲೆಯ ಮೇಲೆ ಏನಿದೆ. ಸಿವಿಲ್ ಓದಿ ಜಿಯೋಟೆಕ್ನಿಕಲ್ ಕಡೆ ಹೋದವರು ಶೇಡಿಯ ಮಾದರಿಯನ್ನು ಪ್ರಯೋಗಾಲಯಕ್ಕೆ ಒಯ್ದು ಅದರ ಬಲ ಅಳೆದು ತಡೆಗೋಡೆಯ ಲೆಕ್ಕ ಹಾಕುತ್ತಾರೆ; ಎನ್‌ಐಟಿಕೆಯಲ್ಲಿ ಶೇಡಿ ಮಣ್ಣನ್ನು ಗಟ್ಟಿಗೊಳಿಸುವ ಬಗ್ಗೆಯೇ ಸಾಕಷ್ಟು ಸಂಶೋಧನೆ ನಡೆದಿದೆ.

ಈ ನಾಲ್ವರಲ್ಲಿ ಯಾರ ದಿನ ನಿಮ್ಮದಾಗಬೇಕು ಎಂದು ಯೋಚಿಸಿ. ಬಿಸಿಲಿನಲ್ಲಿ ನಿಂತು ಕಲ್ಲಿನ ಗೆರೆ ನೋಡುವುದು ಬೇಸರ ತರುವ ಕೆಲಸ ಎನಿಸಿದರೆ ಭೂವಿಜ್ಞಾನದ ಎಂಎಸ್ಸಿಗೆ ಸೇರಬೇಡಿ. ಸೀಟು ಸಿಕ್ಕಿತು ಎಂಬ ಕಾರಣಕ್ಕೆ ಸೇರಿ, ಮೊದಲ ಕ್ಷೇತ್ರ ಪ್ರವಾಸದಲ್ಲಿಯೇ ಮುಖ ಬಾಡಿಸಿಕೊಂಡವರು ಕಡಿಮೆಯಿಲ್ಲ.

ಕೊಣಾಜೆ: ಸಾಗರ ಭೂವಿಜ್ಞಾನ

ಮಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1980ರಲ್ಲಿ. ರಾಜ್ಯದ ಉಳಿದ ವಿಶ್ವವಿದ್ಯಾಲಯಗಳಲ್ಲಿ ಭೂವಿಜ್ಞಾನ ಎಂಬ ವಿಭಾಗಗಳಿದ್ದರೆ ಇಲ್ಲಿರುವುದು ಸಾಗರ ಭೂವಿಜ್ಞಾನ ವಿಭಾಗ. ಹೆಸರಿನಲ್ಲಿ ಸಾಗರ ಇದೆ ಎಂದು ಎರಡು ವರ್ಷವೂ ಹಡಗಿನಲ್ಲಿ ಇರುತ್ತೇವೆ ಎಂದುಕೊಳ್ಳಬೇಡಿ. ಖನಿಜ, ಶಿಲೆ, ರಚನೆ, ಸ್ತರ, ಅಂತರ್ಜಲ ಎಲ್ಲವನ್ನೂ ಓದಬೇಕು. ಅದರ ಮೇಲೆ ಕಡಲತಳದ ಕೆಸರು, ತೀರದ ಬದಲಾವಣೆ, ಅಳಿವೆಗಳ ಪಾಠ. ಅಳಿವೆ ನೋಡಲು ಬೇರೆಲ್ಲಿಗೋ ಹೋಗಬೇಕಿಲ್ಲ. ನೇತ್ರಾವತಿ ಮತ್ತು ಫಲ್ಗುಣಿ ಒಟ್ಟಿಗೆ ಕಡಲು ಸೇರುವ ಜಾಗ ಬಸ್ಸಿನ ದೂರದಲ್ಲಿದೆ, ಅದರ ದಕ್ಷಿಣಕ್ಕೆ ಕಡಲ್ಕೊರೆತಕ್ಕೆ ಹೆಸರಾದ ಉಳ್ಳಾಲ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಲ್ಲಿ ಅಲ್ಲಿ ತೀರ ರಕ್ಷಣೆಯ ಕಾಮಗಾರಿಗಳಾಗಿವೆ. ಅಳಿವೆಯ ತಡೆಗೋಡೆಗಳು ಮರಳಿನ ನಡೆಯನ್ನು ಹೇಗೆ ಬದಲಿಸುತ್ತವೆ ಎಂಬುದನ್ನು ಪುಸ್ತಕಕ್ಕಿಂತ ಚೆನ್ನಾಗಿ ಆ ತೀರವೇ ಕಲಿಸುತ್ತದೆ.

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪವನ್ನಂತೂ ಬಿಡುವಂತಿಲ್ಲ. ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವ ಆ ಕಂಬಗಲ್ಲುಗಳು ಲಾವಾ ಆರುವಾಗ ಕುಗ್ಗಿ ಬಿರುಕುಬಿಟ್ಟು ಆದವು. ದಖ್ಖನಿನ ಕಪ್ಪು ಬಸಾಲ್ಟ್‌ಗೂ ಇದಕ್ಕೂ ಸಂಬಂಧವಿಲ್ಲ. ಇದು ಸಿಲಿಕಾ ಹೆಚ್ಚಿರುವ ಲಾವಾ, ವಯಸ್ಸು ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ. ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಜಿಎಸ್‌ಐ, ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಬೇರೆ ರಾಜ್ಯಗಳ ವಿದ್ಯಾರ್ಥಿಗಳು ರೈಲು ಹತ್ತಿ ಬಂದು ನೋಡುವುದನ್ನು ಕೊಣಾಜೆಯವರು ಬೆಳಿಗ್ಗೆ ಹೊರಟು ಸಂಜೆ ಮರಳುವಂತೆ ನೋಡಬಹುದು.

ಕೊಣಾಜೆಯ ಸಂಶೋಧನೆಯ ಹೆಸರು ಊರಿಗಿಂತ ಹೊರಗೆ ಹೆಚ್ಚು. ಮುಲ್ಕಿಯಿಂದ ಪೂರ್ವ ಕರಾವಳಿಯ ಪುಲಿಕಾಟ್ ಸರೋವರದವರೆಗೆ, ಹೆಚ್ಚುಕಡಿಮೆ 13 ಡಿಗ್ರಿ ಅಕ್ಷಾಂಶದ ಗುಂಟ, ನೆಲ ನಿಧಾನವಾಗಿ ಉಬ್ಬುತ್ತಿದೆ ಎಂಬ ವಾದವನ್ನು 1996ರಲ್ಲಿ ಮುಂದಿಟ್ಟವರು ಇಲ್ಲಿನ ಪ್ರಾಧ್ಯಾಪಕ ಕೆ.ಆರ್. ಸುಬ್ರಹ್ಮಣ್ಯ. ಕೆಸರಿನ ಕಾಂತೀಯ ಗುಣದಿಂದ ಹಳೆಯ ಮಳೆಗಾಲಗಳನ್ನು ಓದುವ ವಿದ್ಯೆಯಲ್ಲಿಯೂ ಈ ವಿಭಾಗ ಗುರುತಿಸಿಕೊಂಡಿದೆ. ಸಂಶೋಧನೆಗೆ ಹೋಗುವ ಮನಸ್ಸಿದ್ದವರಿಗೆ ಇದು ಸಣ್ಣ ಮಾತಲ್ಲ.

ಇನ್ನೊಂದು ಅನುಕೂಲವಿದೆ. ಪದವಿಯಲ್ಲಿ ಭೂವಿಜ್ಞಾನ ಓದದೆ, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಮುಗಿಸಿ ಬಂದವರೂ ಇಲ್ಲಿ ಸೇರುವುದುಂಟು. ನಮ್ಮ ಕರಾವಳಿಯ ಬಿಎಸ್ಸಿ ಕಾಲೇಜುಗಳಲ್ಲಿ ಭೂವಿಜ್ಞಾನ ಅಪರೂಪವಾದ್ದರಿಂದ ಈ ಬಾಗಿಲಿನ ಬೆಲೆ ದೊಡ್ಡದು. ಹಾಗೆ ಬಂದವರಿಗೆ ಮೊದಲ ಸೆಮಿಸ್ಟರ್ ಕಷ್ಟ. ಖನಿಜಗಳ ಹೆಸರು, ಸೂಕ್ಷ್ಮದರ್ಶಕದ ಕೆಳಗಿನ ಬಣ್ಣ, ರಚನಾ ನಕ್ಷೆ ಓದುವುದು, ಇವನ್ನೆಲ್ಲ ಉಳಿದವರು ಮೂರು ವರ್ಷದಲ್ಲಿ ಕಲಿತದ್ದನ್ನು ನೀವು ಆರು ತಿಂಗಳಲ್ಲಿ ಕಲಿಯಬೇಕು. ಸೇರುವ ಮುಂಚಿನ ರಜೆಯಲ್ಲಿಯೇ ಶುರುಮಾಡಿದರೆ ಬಚಾವು.

ಜಿಯೋಇನ್‌ಫರ್ಮ್ಯಾಟಿಕ್ಸ್: ಕೆಲಸ ಬೇಗ, ಬಾಗಿಲುಗಳು ಬೇರೆ

ಉಪಗ್ರಹ ಚಿತ್ರ, ಡ್ರೋನ್, ನಕ್ಷೆ ಮಾಡುವ ಜಿಐಎಸ್ ತಂತ್ರಾಂಶ, ಸ್ವಲ್ಪ ಪ್ರೋಗ್ರಾಮಿಂಗ್. ಈ ವಿದ್ಯೆ ಇರುವವರಿಗೆ ಬೆಂಗಳೂರು, ಹೈದರಾಬಾದಿನ ಖಾಸಗಿ ಕಂಪನಿಗಳಲ್ಲಿ ಪದವಿ ಮುಗಿದ ಕೆಲ ತಿಂಗಳಲ್ಲಿಯೇ ಕೆಲಸ ಸಿಗುವ ಸಾಧ್ಯತೆ ಸಾಗರ ಭೂವಿಜ್ಞಾನದವರಿಗಿಂತ ಹೆಚ್ಚು. ಬೆಂಗಳೂರಿನ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದಂಥ ಕಡೆ ಯೋಜನೆಗಳ ಮೇಲೆ ತಾತ್ಕಾಲಿಕ ಹುದ್ದೆಗಳೂ ಇರುತ್ತವೆ. ಮನೆಯಲ್ಲಿ ಸಾಲ ಇದೆ, ಬೇಗ ಸಂಬಳ ಬರಬೇಕು ಎನ್ನುವವರಿಗೆ ಇದು ನೇರ ದಾರಿ.

ಆದರೆ ಆರಂಭದ ಕೆಲಸ ಬಹಳ ಕಡೆ ನಕ್ಷೆಯ ಮೇಲೆ ಗೆರೆ ಎಳೆಯುವುದು: ರಸ್ತೆ, ಕಟ್ಟಡ, ವಿದ್ಯುತ್ ಕಂಬ, ದಿನವಿಡೀ. ಅಲ್ಲಿಂದ ಮೇಲೆ ಹೋಗುವವರು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತವರು ಅಥವಾ ಯಾವುದಾದರೂ ಒಂದು ವಿಷಯವನ್ನು, ನೀರೋ ಕಾಡೋ ಗುಡ್ಡ ಕುಸಿತವೋ, ಆಳವಾಗಿ ಬಲ್ಲವರು. ಬರೀ ತಂತ್ರಾಂಶ ಬಲ್ಲವರ ಜಾಗಕ್ಕೆ ಬೇರೆಯವರು ಸುಲಭವಾಗಿ ಬರುತ್ತಾರೆ. ಅದಕ್ಕೇ ನನ್ನ ಒಲವು ಸ್ಪಷ್ಟ: ಭೂವಿಜ್ಞಾನದ ಪದವಿ ಮಾಡುತ್ತಾ ಜಿಐಎಸ್ ಕಲಿತುಕೊಳ್ಳಬಹುದು, ಕ್ಯೂಜಿಐಎಸ್ ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಜಿಐಎಸ್ ಪದವಿ ಮಾಡಿ ಆಮೇಲೆ ಶಿಲೆ ಗುರುತಿಸಲು ಕಲಿತವರು ನನಗೆ ಅಷ್ಟಾಗಿ ಸಿಕ್ಕಿಲ್ಲ.

ಸುರತ್ಕಲ್: ಗಣಿ ಎಂಜಿನಿಯರಿಂಗ್

ಇದು ಪಿಯುಸಿ ಮುಗಿದ ತಕ್ಷಣದ ದಾರಿ. ಜೆಇಇ ಮೇನ್ ಬರೆಯಬೇಕು, ಅರ್ಧ ಸೀಟು ಕರ್ನಾಟಕದವರಿಗೆ. ಕಂಪ್ಯೂಟರ್ ಸೈನ್ಸಿಗೆ ಬೇಕಾದ ರ‍್ಯಾಂಕ್ ಇಲ್ಲದವರೂ ಗಣಿ ವಿಭಾಗಕ್ಕೆ ಬರಲು ಸಾಧ್ಯ, ಹಾಗೆ ಬಂದವರಲ್ಲಿ ಹಲವರು ನಾಲ್ಕು ವರ್ಷದ ಬಳಿಕ ಸಾಫ್ಟ್‌ವೇರ್ ಕಡೆಗೇ ಹೋಗುತ್ತಾರೆ. ಕಾಲೇಜಿನ ಹೆಸರಿಗಾಗಿ ಗಣಿ ಓದುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಗಣಿಯಲ್ಲಿಯೇ ಇರುವವರಿಗೆ ಪದವಿ ಅರ್ಧ ದಾರಿ ಮಾತ್ರ. ಗಣಿಯ ಮ್ಯಾನೇಜರ್ ಆಗಲು ಧನ್‌ಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ ಕೊಡುವ ಸಾಮರ್ಥ್ಯ ಪ್ರಮಾಣಪತ್ರ ಬೇಕು. ಕೆಲಸ ಬಳ್ಳಾರಿ–ಸಂಡೂರಿನ ಕಬ್ಬಿಣದ ಅದಿರು, ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ, ಜಾರ್ಖಂಡ್–ಛತ್ತೀಸಗಡದ ಕಲ್ಲಿದ್ದಲು, ಹೀಗೆ. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿಗಾರಿಕೆ ನಿಂತ ಮೇಲೆ ನಮ್ಮ ಪಾಲಿಗೆ ಉಳಿದದ್ದು ಪಣಂಬೂರಿನ, ಕಬ್ಬಿಣದ ಅದಿರನ್ನು ಉಂಡೆ (ಪೆಲೆಟ್) ಕಟ್ಟುವ ಕಾರ್ಖಾನೆ ಮಾತ್ರ.

ಹೆಣ್ಣುಮಕ್ಕಳ ಮನೆಯವರು ಕೇಳುವ ಪ್ರಶ್ನೆಗೂ ಇಲ್ಲಿಯೇ ಉತ್ತರ ಹೇಳುತ್ತೇನೆ. ನೆಲದಡಿಯ ಗಣಿಯಲ್ಲಿ ಮಹಿಳೆಯರಿಗೆ ಕಾನೂನಿನ ನಿಷೇಧವಿತ್ತು. 2019ರ ಆರಂಭದಲ್ಲಿ ಕೇಂದ್ರ ಸರ್ಕಾರ ತಾಂತ್ರಿಕ, ಮೇಲ್ವಿಚಾರಣೆಯ ಮತ್ತು ಆಡಳಿತದ ಕೆಲಸಗಳಿಗೆ ಹಗಲಿನ ಹೊತ್ತು, ಷರತ್ತುಗಳೊಂದಿಗೆ ಅದನ್ನು ಸಡಿಲಿಸಿತು. ತೆರೆದ ಗಣಿಗಳಲ್ಲಿ ರಾತ್ರಿ ಪಾಳಿಗೂ ಅವಕಾಶವಾಯಿತು. ಜಿಎಸ್‌ಐ, ಅಂತರ್ಜಲ ಮಂಡಳಿಗಳಲ್ಲಿ ಇಂಥ ತೊಡಕೇ ಇರಲಿಲ್ಲ. ಅಲ್ಲಿ ಮಹಿಳೆಯರೂ ಕ್ಷೇತ್ರ ಶಿಬಿರಗಳಿಗೆ ಹೋಗುತ್ತಾರೆ.

ಘಟ್ಟದ ಆಚೆ

ಮೈಸೂರಿನ ಮಾನಸಗಂಗೋತ್ರಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಬೆಂಗಳೂರು ವಿಶ್ವವಿದ್ಯಾಲಯಗಳ ವಿಭಾಗಗಳು ಕೊಣಾಜೆಗಿಂತ ಹಳೆಯವು. ಅದಿರು, ಪ್ರಾಚೀನ ಶಿಲೆ, ಒಳನಾಡಿನ ಅಂತರ್ಜಲದಲ್ಲಿ ಆಸಕ್ತಿ ಇದ್ದರೆ ಅವೇ ಸರಿ: ಕೋಲಾರ, ಚಿತ್ರದುರ್ಗ, ಸಂಡೂರು ಅವರ ಅಂಗಳ. ಕಡಲಿನ ಹಂಗಿಲ್ಲದವರು ಕೊಣಾಜೆಗೇ ಅಂಟಿಕೊಳ್ಳಬೇಕಾಗಿಲ್ಲ.

ಐಐಟಿ ಬಾಂಬೆ, ಖರಗ್‌ಪುರ, ರೂರ್ಕಿ, ಧನ್‌ಬಾದಿನ ಐಎಸ್‌ಎಂಗಳಲ್ಲಿ ಭೂವಿಜ್ಞಾನದ ಎಂಎಸ್ಸಿಗೆ ಜಾಮ್ ಪರೀಕ್ಷೆ ಬರೆಯಬೇಕು. ತೊಡಕು ಇಲ್ಲಿದೆ: ಭೂವಿಜ್ಞಾನದ ಸೀಟಿಗೆ ಸಾಮಾನ್ಯವಾಗಿ ಪದವಿಯಲ್ಲಿ ಭೂವಿಜ್ಞಾನ ಓದಿರಬೇಕು. ನಮ್ಮ ಊರಿನ ಪಿಸಿಎಂ ಪದವೀಧರರಿಗೆ ಆ ಬಾಗಿಲು ಬಹುತೇಕ ಮುಚ್ಚಿದೆ. ಆದರೆ ಭೂಭೌತಶಾಸ್ತ್ರದ ಕಡೆಗೆ ಭೌತಶಾಸ್ತ್ರ, ಗಣಿತದವರಿಗೆ ದಾರಿ ಇದೆ, ಮತ್ತು ತೈಲ ಕಂಪನಿಗಳು ಭೂವಿಜ್ಞಾನಿಗಳಷ್ಟೇ ಭೂಭೌತಶಾಸ್ತ್ರಜ್ಞರನ್ನೂ ಕೇಳುತ್ತವೆ. ಪಿಯುಸಿ ಹಂತದಲ್ಲಿಯೇ ಮನಸ್ಸು ಗಟ್ಟಿಯಾಗಿದ್ದರೆ ಐಐಟಿಗಳ, ವಿಜ್ಞಾನ ಶಿಕ್ಷಣ–ಸಂಶೋಧನಾ ಸಂಸ್ಥೆಗಳಾದ ಐಸರ್‌ಗಳ ಐದು ವರ್ಷದ ಕೋರ್ಸುಗಳನ್ನು ನೋಡಿ. ಆಗ ಈ ಗೊಂದಲವೇ ಇರುವುದಿಲ್ಲ.

ಅಧಿಸೂಚನೆಯ ಪದಗಳು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಈ ಕ್ಷೇತ್ರದ ಅತ್ಯುತ್ತಮ ಸರ್ಕಾರಿ ಕೆಲಸಕ್ಕೆ ದಾರಿ ಯುಪಿಎಸ್‌ಸಿ ನಡೆಸುವ ಸಂಯುಕ್ತ ಭೂವಿಜ್ಞಾನಿ ಪರೀಕ್ಷೆ. ಜಿಎಸ್‌ಐಯಲ್ಲಿ ಭೂವಿಜ್ಞಾನಿ, ಭೂಭೌತಶಾಸ್ತ್ರಜ್ಞ, ರಸಾಯನಶಾಸ್ತ್ರಜ್ಞ. ಕೇಂದ್ರ ಅಂತರ್ಜಲ ಮಂಡಳಿಯಲ್ಲಿ ವಿಜ್ಞಾನಿ. ಎ ಗುಂಪಿನ ಹುದ್ದೆ, ಏಳನೇ ವೇತನ ಆಯೋಗದ ಪ್ರಕಾರ ಆರಂಭಿಕ ಮೂಲ ವೇತನ 56,100 ರೂಪಾಯಿ. ವಯಸ್ಸು 21ರಿಂದ 32. ಪೂರ್ವಭಾವಿ ಪರೀಕ್ಷೆಗೆ 400, ಮುಖ್ಯ ಪರೀಕ್ಷೆಗೆ 600, ಸಂದರ್ಶನಕ್ಕೆ 200 ಅಂಕ. ಮುಖ್ಯ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಪುಟಗಟ್ಟಲೆ ಬರೆಯಬೇಕು, ಚಿತ್ರ ಬಿಡಿಸಬೇಕು. ಕನ್ನಡ ಮಾಧ್ಯಮದಿಂದ ಬಂದವರು ಎಡವುವುದು ವಿಷಯದಲ್ಲಲ್ಲ, ಈ ಬರವಣಿಗೆಯ ವೇಗದಲ್ಲಿ.

ಭೂವಿಜ್ಞಾನಿ ಹುದ್ದೆಯ ಅರ್ಹತಾ ಪಟ್ಟಿಯಲ್ಲಿ ಭೂವಿಜ್ಞಾನ, ಅನ್ವಯಿಕ ಭೂವಿಜ್ಞಾನ ಮುಂತಾದವುಗಳ ಜೊತೆ ಸಾಗರ ಭೂವಿಜ್ಞಾನ ಎಂಬ ಹೆಸರು ಸ್ಪಷ್ಟವಾಗಿ ಇದೆ. ಜಿಯೋಇನ್‌ಫರ್ಮ್ಯಾಟಿಕ್ಸ್ ಇಲ್ಲ. ಗಣಿ ಎಂಜಿನಿಯರಿಂಗ್ ಬಿಟೆಕ್ ಕೂಡ ಇಲ್ಲ. ಕೊಣಾಜೆಯ ಒಂದೇ ಕ್ಯಾಂಪಸ್ಸಿನ ಎರಡು ಎಂಎಸ್ಸಿಗಳಲ್ಲಿ ಒಂದು ಈ ಪರೀಕ್ಷೆಯ ಒಳಗೆ, ಇನ್ನೊಂದು ಹೊರಗೆ. ಜಿಎಸ್‌ಐ ಕನಸು ಕಾಣುವವರು ಸೀಟು ಆರಿಸುವ ದಿನವೇ ಇದನ್ನು ತಿಳಿದಿರಬೇಕು. ಮತ್ತೊಂದು ವಿಚಿತ್ರ: ಭೂಭೌತಶಾಸ್ತ್ರಜ್ಞರ ಹುದ್ದೆಗೆ ಸಾದಾ ಭೌತಶಾಸ್ತ್ರದ ಎಂಎಸ್ಸಿಯವರೂ, ರಸಾಯನಶಾಸ್ತ್ರಜ್ಞರ ಹುದ್ದೆಗೆ ರಸಾಯನಶಾಸ್ತ್ರದ ಎಂಎಸ್ಸಿಯವರೂ ಅರ್ಹರು. ಅಂದರೆ ಭೂವಿಜ್ಞಾನ ಓದದೆಯೇ ಜಿಎಸ್‌ಐ ಸೇರಬಹುದು. ನಮ್ಮ ಕಾಲೇಜುಗಳಲ್ಲಿ ಭೌತಶಾಸ್ತ್ರ ಓದುವವರಿಗೆ ಇದನ್ನು ಹೇಳುವವರೇ ಇಲ್ಲ ಎಂಬುದು ನನ್ನ ಹಳೆಯ ಕೊರಗು.

ಕೆಪಿಎಸ್‌ಸಿ ಮೂಲಕ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ನೇಮಕಾತಿ ಇದೆ, ಆದರೆ ಅದು ಎಂದು ಬರುತ್ತದೆ ಎಂದು ಕಾದು ಕುಳಿತರೆ ವಯಸ್ಸು ಮೀರುತ್ತದೆ. ಗೇಟ್ ಪರೀಕ್ಷೆಯ ಭೂವಿಜ್ಞಾನ–ಭೂಭೌತಶಾಸ್ತ್ರ ಪತ್ರಿಕೆಯ ಅಂಕವನ್ನು ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ ನೇಮಕಾತಿಗೆ ಬಳಸಿದ್ದುಂಟು. ಸಂಶೋಧನೆಗೆ ಸಿಎಸ್‌ಐಆರ್–ಯುಜಿಸಿ ನೆಟ್ ಪರೀಕ್ಷೆಯ ಭೂ, ವಾಯುಮಂಡಲ, ಸಾಗರ ವಿಜ್ಞಾನಗಳ ಪತ್ರಿಕೆ; ಕಿರಿಯ ಸಂಶೋಧಕರ ಭತ್ಯೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಮತ್ತು ಧ್ರುವ–ಸಾಗರ ಸಂಶೋಧನಾ ಕೇಂದ್ರ, ತಿರುವನಂತಪುರದ ಭೂವಿಜ್ಞಾನ ಅಧ್ಯಯನ ಕೇಂದ್ರ, ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಎನ್‌ಜಿಆರ್‌ಐ, ಎಲ್ಲವೂ ಇಲ್ಲಿಂದ ಒಂದು ರಾತ್ರಿಯ ಪ್ರಯಾಣದ ಆಸುಪಾಸಿನಲ್ಲಿವೆ.

ಊರಿನಲ್ಲಿಯೇ ಇರುವ ಕೆಲಸ

ಜಿಎಸ್‌ಐಯ ಸಾಗರ ಮತ್ತು ಕರಾವಳಿ ಸರ್ವೇಕ್ಷಣಾ ವಿಭಾಗದ ಮುಖ್ಯ ಕಚೇರಿ ಇರುವುದು ಮಂಗಳೂರಿನಲ್ಲಿಯೇ. 2013ರಲ್ಲಿ ಸೇವೆಗೆ ಬಂದ ಸಮುದ್ರ ರತ್ನಾಕರ ಸೇರಿದಂತೆ ಸಂಶೋಧನಾ ಹಡಗುಗಳು ಈ ವಿಭಾಗದವು. ಇದನ್ನು ಕೇಳಿದ ಕೂಡಲೇ ತಂದೆತಾಯಿಯ ಮುಖ ಅರಳುತ್ತದೆ. ತಡೆಯಿರಿ. ಪರೀಕ್ಷೆ ಗೆದ್ದವರಿಗೆ ಹೈದರಾಬಾದಿನಲ್ಲಿ ತರಬೇತಿ, ಆಮೇಲೆ ನಾಗಾಲ್ಯಾಂಡೋ ರಾಜಸ್ಥಾನವೋ ಯಾರಿಗೆ ಗೊತ್ತು. ಮಂಗಳೂರಿಗೆ ಬರುವುದು ಬಂದಾಗ ಬಂದಂತೆ. ಬಂದರೂ ವಾರಗಟ್ಟಲೆ ಹಡಗಿನಲ್ಲಿದ್ದು, ಅಲೆಯ ಹೊಯ್ದಾಟದಲ್ಲಿ ಕೆಸರಿನ ಕೊಳವೆಗಳಿಗೆ ಚೀಟಿ ಅಂಟಿಸುವ ದಿನಗಳಿರುತ್ತವೆ.

ದೊಡ್ಡ ಕಾಮಗಾರಿಗಳು ಬಂದಾಗ ಎಂಜಿನಿಯರಿಂಗ್ ಭೂವಿಜ್ಞಾನಿಗಳಿಗೆ ಬೇಡಿಕೆ ಬರುತ್ತದೆ. ಕಚ್ಚಾ ತೈಲ ಸಂಗ್ರಹಕ್ಕಾಗಿ ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಯುವ ಗುಹೆಗಳನ್ನು ಬಂಡೆಯೊಳಗೆ ಕೊರೆಯಲಾಯಿತು. ಇಂಥ ಕೆಲಸದಲ್ಲಿ ಪ್ರತಿ ಸ್ಫೋಟದ ಬಳಿಕ ಹೊಗೆ ಹೋಗುತ್ತಿದ್ದಂತೆ ಭೂವಿಜ್ಞಾನಿ ಒಳಗೆ ಹೋಗುತ್ತಾನೆ. ಹೊಸದಾಗಿ ತೆರೆದ ಬಂಡೆಯ ಮುಖದ ಮೇಲೆ ದೀಪ ಬಿಟ್ಟು ಬಿರುಕುಗಳ ಎಣಿಕೆ, ದಿಕ್ಕು, ಒರಟುತನ, ನೀರಿನ ಜಿನುಗು ನೋಡಿ, ನಾರ್ವೆಯಲ್ಲಿ 1974ರಲ್ಲಿ ರೂಪಿಸಿದ ಕ್ಯೂ ಪದ್ಧತಿಯಂತೆ ಅಂಕ ಹಾಕುತ್ತಾನೆ. ಎಷ್ಟು ಉದ್ದದ ಬೋಲ್ಟ್, ಎಷ್ಟು ದಪ್ಪದ ಕಾಂಕ್ರೀಟ್ ಸಿಂಪಡಣೆ ಎಂಬುದು ಆ ಅಂಕದ ಮೇಲೆ ನಿರ್ಧಾರವಾಗುತ್ತದೆ. ಹೊರಗೆ ಯಂತ್ರಗಳು ಕಾಯುತ್ತಿರುತ್ತವೆ, ಗುತ್ತಿಗೆದಾರನ ಕಡೆಯವರು ಗಡಿಯಾರ ನೋಡುತ್ತಿರುತ್ತಾರೆ. ಒಳ್ಳೆಯ ಸಂಬಳ, ಒಳ್ಳೆಯ ಕಲಿಕೆ. ಗುಹೆ ಮುಗಿದ ದಿನ ಕೆಲಸವೂ ಮುಗಿಯಿತು. ಮುಂದಿನ ಸುರಂಗ ಹಿಮಾಲಯದಲ್ಲಿರಬಹುದು.

ನಿಜವಾಗಿ ಊರಿನಲ್ಲಿಯೇ ಉಳಿಯುವವರು ಎರಡು ಕಸುಬಿನವರು. ಒಂದು, ಕೋರೆಗಳ ಯೋಜನೆ ಬರೆಯುವುದು. 2012ರ ಸುಪ್ರೀಂ ಕೋರ್ಟ್ ಆದೇಶದ ಬಳಿಕ ಸಣ್ಣ ಕೋರೆಗಳಿಗೂ ಪರಿಸರ ಅನುಮತಿ ಬೇಕಾಯಿತು. ಕಗ್ಗಲ್ಲು, ಮರಳು ಎಲ್ಲದಕ್ಕೂ ನಕ್ಷೆ, ಯೋಜನೆ, ವರದಿ. ಗಣಿ ಯೋಜನೆ ಬರೆಯುವ ಅಧಿಕಾರ ಗಣಿ ಎಂಜಿನಿಯರಿಂಗ್ ಪದವಿ ಅಥವಾ ಭೂವಿಜ್ಞಾನದ ಸ್ನಾತಕೋತ್ತರ ಪದವಿಯ ಜೊತೆಗೆ ಐದು ವರ್ಷದ ಅನುಭವ ಇರುವವರಿಗೆ. ಸುರತ್ಕಲ್ಲಿನವರೂ ಕೊಣಾಜೆಯವರೂ ಒಂದೇ ಮೇಜಿಗೆ ಬರುವುದು ಇಲ್ಲಿ. ಹಣ ಇದೆ, ಕಚೇರಿಗಳ ಅಲೆದಾಟವೂ ಇದೆ, ಕೋರೆ ಮಾಲೀಕ ಮತ್ತು ಊರಿನವರ ಜಗಳದ ನಡುವೆ ನಿಲ್ಲುವ ಗಟ್ಟಿತನವೂ ಬೇಕು.

ಎರಡನೆಯದು ನೀರು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ ಊರಿನಲ್ಲಿ ಏಪ್ರಿಲ್ ಬಂದರೆ ಬಾವಿ ತಳ ಕಾಣುತ್ತದೆ, ನದಿಬದಿಯ ಬಾವಿಗೆ ಉಪ್ಪು ನುಗ್ಗುತ್ತದೆ. ಮುರಕಲ್ಲು ನೀರನ್ನು ಬೇಗ ಕುಡಿದು ಬೇಗ ಬಿಟ್ಟುಬಿಡುತ್ತದೆ. ಕೊಳವೆಬಾವಿ ಮುಟ್ಟಬೇಕಾದದ್ದು ಅದರ ಕೆಳಗಿನ ಗಟ್ಟಿ ಬಂಡೆಯ ಬಿರುಕನ್ನು, ಅದನ್ನು ನೆಲಕ್ಕೆ ವಿದ್ಯುತ್ ಹರಿಸಿ ನೋಡುವ ವಿದ್ಯುತ್ ರೋಧ ಸಮೀಕ್ಷೆಯಿಂದ ಅಂದಾಜು ಮಾಡಬಹುದು. ನಾನು ಯಂತ್ರದ ತಂತಿ ಎಳೆದು ಗುರುತು ಹಾಕಿಕೊಟ್ಟ ಮೇಲೂ ತೆಂಗಿನಕಾಯಿ ಹಿಡಿದು ನೀರು ನೋಡುವವರನ್ನು ಕರೆಸದ ಮನೆ ಅಪರೂಪ. ಇಬ್ಬರ ಗುರುತೂ ಹೊಂದಿದರೆ ಹೆಸರು ಅವರಿಗೆ, ನೀರು ಬರದಿದ್ದರೆ ಬಯ್ಗುಳ ನನಗೆ. ಈ ನೆಲದಲ್ಲಿ ಪದವಿಯಿಲ್ಲದ ಜಲಜ್ಞಾನಕ್ಕೂ ಇತಿಹಾಸವಿದೆ ಎಂಬುದನ್ನು ಮರೆಯುವಂತಿಲ್ಲ. ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕ ಕಡೆಯ ಅಮೈ ಮಹಾಲಿಂಗ ನಾಯ್ಕರು ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ಬೋಳುಗುಡ್ಡದಲ್ಲಿ ತೋಟ ಮಾಡಿದರು, 2022ರಲ್ಲಿ ಪದ್ಮಶ್ರೀ ಬಂತು. ಮುರಕಲ್ಲು ಮತ್ತು ಶೇಡಿ ಕೂಡುವ ಗೆರೆಯನ್ನು ನೋಡಲು ಹೋಗುವ ವಿದ್ಯಾರ್ಥಿ ಒಮ್ಮೆ ಇಂಥ ಸುರಂಗದೊಳಗೆ ಹೋಗಿ ಬರಬೇಕು.

ಹಾಗಾದರೆ ಯಾರಿಗೆ ಯಾವುದು

ಕ್ಷೇತ್ರದಲ್ಲಿ ಅಲೆಯಲು ಮನಸ್ಸಿದೆ, ಜಿಎಸ್‌ಐ ಅಥವಾ ಸಂಶೋಧನೆ ಗುರಿ, ಪದವಿಯಲ್ಲಿ ಭೂವಿಜ್ಞಾನ ಇರಲಿಲ್ಲ: ಕೊಣಾಜೆಯ ಸಾಗರ ಭೂವಿಜ್ಞಾನ, ಎರಡು ಮಾತಿಲ್ಲ. ಪದವಿಯಲ್ಲಿ ಭೂವಿಜ್ಞಾನ ಇತ್ತು, ಅಂಕಗಳೂ ಚೆನ್ನಾಗಿವೆ: ಮೊದಲು ಜಾಮ್ ಬರೆಯಿರಿ, ಕೊಣಾಜೆ ನಂತರ. ಕ್ಷೇತ್ರ ಬೇಡ, ಕಂಪ್ಯೂಟರ್ ಇಷ್ಟ, ಬೇಗ ದುಡಿಯಬೇಕು: ಜಿಯೋಇನ್‌ಫರ್ಮ್ಯಾಟಿಕ್ಸ್, ಜೊತೆಗೆ ಪ್ರೋಗ್ರಾಮಿಂಗ್. ಯಂತ್ರ, ಜನ, ಉತ್ಪಾದನೆಯ ಗದ್ದಲದಲ್ಲಿ ಖುಷಿ ಕಾಣುವ ಪಿಯುಸಿ ವಿದ್ಯಾರ್ಥಿ: ಸುರತ್ಕಲ್.

ಕಡಲಿನ ಖನಿಜಗಳ ಬಗ್ಗೆ ಈಗ ಸುದ್ದಿ ಜೋರಾಗಿದೆ. 2021ರಲ್ಲಿ ಒಪ್ಪಿಗೆ ಪಡೆದ ಆಳಸಾಗರ ಯೋಜನೆ 4,077 ಕೋಟಿ ರೂಪಾಯಿಯದು, ಹಿಂದೂ ಮಹಾಸಾಗರದ ನಡುವೆ 75,000 ಚದರ ಕಿಲೋಮೀಟರಿನಲ್ಲಿ ಲೋಹದ ಗಂಟುಗಳನ್ನು ಹುಡುಕುವ ಹಕ್ಕು ಭಾರತಕ್ಕಿದೆ, 2024ರ ನವೆಂಬರಿನಲ್ಲಿ ಕಡಲತಳದ 13 ಬ್ಲಾಕುಗಳ ಹರಾಜಿಗೆ ಚಾಲನೆ ಸಿಕ್ಕಿತು. ಮೀನುಗಾರರ ವಿರೋಧವೂ ಅಷ್ಟೇ ಜೋರಾಗಿದೆ. ಸಾಗರ ಭೂವಿಜ್ಞಾನಿಗಳಿಗೆ ಇದರಿಂದ ಕೆಲಸ ಹೆಚ್ಚಬಹುದು. ಆದರೆ ಇದೊಂದನ್ನೇ ನಂಬಿ ಕೋರ್ಸು ಆರಿಸಿಕೊಳ್ಳುವುದು ಸದ್ಯಕ್ಕೆ ಜೂಜು. ಗುಡ್ಡ ಕುಸಿತದ ಕೆಲಸ ಹಾಗಲ್ಲ. 2024ರ ಜುಲೈ ತಿಂಗಳೊಂದರಲ್ಲಿಯೇ ಶಿರೂರು ಮತ್ತು ವಯನಾಡ್ ಎರಡೂ ಕಡೆಯ ಗುಡ್ಡ ಕುಸಿತ ಕಂಡ ಈ ಪಶ್ಚಿಮ ಘಟ್ಟದ ಸೆರಗಿನಲ್ಲಿ ಬರೆ ಓದಬಲ್ಲವರ ಅಗತ್ಯ ಸದ್ಯಕ್ಕೆ ತೀರುವಂತಿಲ್ಲ.

ಕೊನೆಗೆ ದಿನಾಂಕಗಳ ಮಾತು. ಜಾಮ್ ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ತೆರೆಯುತ್ತದೆ, ಪರೀಕ್ಷೆ ಫೆಬ್ರವರಿಯಲ್ಲಿ. ಅಂದರೆ ಅಂತಿಮ ಬಿಎಸ್ಸಿಯ ನಡುವೆಯೇ ಓದಿರಬೇಕು. ಯುಪಿಎಸ್‌ಸಿಯ ಭೂವಿಜ್ಞಾನಿ ಪರೀಕ್ಷೆಯ ಅಧಿಸೂಚನೆಯೂ ಸೆಪ್ಟೆಂಬರ್ ಹೊತ್ತಿಗೆ, ಪೂರ್ವಭಾವಿ ಫೆಬ್ರವರಿ ಸುಮಾರಿಗೆ, ಮುಖ್ಯ ಪರೀಕ್ಷೆ ಜೂನ್‌ನಲ್ಲಿ. ಗೇಟ್ ಕೂಡ ಫೆಬ್ರವರಿಯಲ್ಲಿಯೇ. ಕೊಣಾಜೆಯ ಪ್ರವೇಶ ಪ್ರಕಟಣೆ ಪದವಿ ಫಲಿತಾಂಶದ ಹಿಂದೆಮುಂದೆ ಬರುತ್ತದೆ, ಸ್ಥಳೀಯ ಪತ್ರಿಕೆಗಳಲ್ಲಿಯೂ ಹಾಕುತ್ತಾರೆ. ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಮಳೆಗಾಲದಲ್ಲಿ ಇಲ್ಲ, ಆದ್ದರಿಂದ ನೋಡಿ ನಿರ್ಧರಿಸುವುದಾದರೆ ಏಪ್ರಿಲ್ ಮುಗಿಯುವುದರೊಳಗೆ ಹೋಗಿ. ಬರೆಗಳನ್ನು ನೋಡಲು ಮಾತ್ರ ಜುಲೈಯೇ ಒಳ್ಳೆಯದು. ಹತ್ತಿರ ನಿಲ್ಲಬೇಡಿ, ರಸ್ತೆಯ ಆಚೆ ಬದಿಯಿಂದ ನೋಡಿ.